ಇಜಿಎಫ್‌ಆರ್ ಪಾಸಿಟಿವ್ ಬಂದರೂ ಸೆಟುಕ್ಸಿಮ್ಯಾಬ್ ಏಕೆ ಕೆಲಸ ಮಾಡುವುದಿಲ್ಲ?

ಪಾಠದಮೇಜು

ಸೆಟುಕ್ಸಿಮ್ಯಾಬ್ ಅಂದರೆ ಜೀವಕೋಶದ ಮೇಲಿರುವ ಇಜಿಎಫ್‌ಆರ್ ರಿಸೆಪ್ಟರನ್ನು ಮುಚ್ಚಿಬಿಡುವ ಆಂಟಿಬಾಡಿ. ಗಡ್ಡೆಯಲ್ಲಿ ಇಜಿಎಫ್‌ಆರ್ ಹೆಚ್ಚಿದ್ದಷ್ಟೂ ಔಷಧಿ ಚೆನ್ನಾಗಿ ನಾಟಬೇಕು ಅಂತ ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಹಾಗೆ ಆಗುವುದಿಲ್ಲ. ಏಕೆ ಅನ್ನುವುದನ್ನು ಬಲ್ಲವರು ಬಿಡಿಸಿ ಬರೆಯಬೇಕು. ಜೊತೆಗೆ ಯಾವ ಪರೀಕ್ಷೆ, ಯಾವ ಬ್ಲಾಕ್‌ನಲ್ಲಿ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶ), ಎಲ್ಲಿ ತಪ್ಪುತ್ತದೆ ಅನ್ನುವುದೂ ಬೇಕು. ಜಠರದ ಕ್ಯಾನ್ಸರ್ ಮತ್ತು ಜಿಸ್ಟ್ (ಜಠರ-ಕರುಳಿನ ಗೋಡೆಯಲ್ಲಿ ಹುಟ್ಟುವ ಗಡ್ಡೆ) ಎರಡರಲ್ಲೂ ಇದೇ ಲೆಕ್ಕವೇ?

ರಾಸ್_ಗುಂಡಿ

ಮೊದಲು ಸರಪಳಿ ನೋಡೋಣ. ಹೊರಗಿನಿಂದ ಬೆಳವಣಿಗೆಯ ಅಣು ಬಂದು ಕೂತಾಗ ಎರಡು ಇಜಿಎಫ್‌ಆರ್ ಜೋಡಿಯಾಗುತ್ತವೆ. ಒಳಗಿನ ಬಾಲದ ಟೈರೋಸಿನ್‌ಗಳಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಅಲ್ಲಿಗೆ ಗ್ರಬ್2 ಬಂದು ಹಿಡಿಯುತ್ತದೆ, ಅದರ ಜೊತೆಗೇ ಸಾಸ್ ಎಂಬ ಪ್ರೋಟೀನ್ ಬರುತ್ತದೆ. ಸಾಸ್‌ನ ಕೆಲಸ ಒಂದೇ: ರಾಸ್ ಎಂಬ ಪ್ರೋಟೀನ್‌ನಲ್ಲಿ ಕೂತ ಜಿಡಿಪಿ ಅಣುವನ್ನು ಹೊರಗೆ ದೂಡಿ ಜಿಟಿಪಿಗೆ ಜಾಗ ಮಾಡಿಕೊಡುವುದು. ಜಿಟಿಪಿ ಕೂತ ರಾಸ್ ಎಂದರೆ ಆನ್ ಆದ ಗುಂಡಿ. ಅಲ್ಲಿಂದ ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನ್‌ಗಳ ಸಾಲಿನಲ್ಲಿ ಸಂಕೇತ ಕೋಶಕೇಂದ್ರಕ್ಕೆ ಇಳಿಯುತ್ತದೆ. ಇನ್ನೊಂದು ಕವಲು ಪಿಐ3ಕೆ, ಎಕೆಟಿ ಕಡೆಗೆ ಹೋಗುತ್ತದೆ.

ಆರಿಸುವುದಕ್ಕೂ ವ್ಯವಸ್ಥೆ ಇದೆ. ರಾಸ್ ತಾನೇ ಜಿಟಿಪಿಯನ್ನು ಕತ್ತರಿಸಿಕೊಳ್ಳಬೇಕು, ಆದರೆ ಒಂಟಿಯಾಗಿ ಬಹಳ ನಿಧಾನ. ಗ್ಯಾಪ್ ಎಂಬ ಸಹಾಯಕ ಪ್ರೋಟೀನ್ ತನ್ನ ಒಂದು ಆರ್ಜಿನಿನ್ ಅನ್ನು ಬೆರಳಿನಂತೆ ಒಳಗೆ ತೂರಿಸಿದಾಗ ಆ ಕೆಲಸ ಸಾವಿರಾರು ಪಟ್ಟು ವೇಗವಾಗುತ್ತದೆ. ರಾಸ್‌ನ 12ನೇ ಸ್ಥಾನದಲ್ಲಿ ಸಹಜವಾಗಿ ಇರುವುದು ಗ್ಲೈಸಿನ್, ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು. ಆ ಜಾಗಕ್ಕೆ ಆಸ್ಪಾರ್ಟಿಕ್ ಆಮ್ಲವೋ ವ್ಯಾಲಿನೋ ಬಂದು ಕೂತರೆ ಬೆರಳು ಒಳಗೆ ಹೋಗುವುದಿಲ್ಲ. ಗುಂಡಿ ಆನ್ ಆಗಿಯೇ ಉಳಿಯುತ್ತದೆ.

ಮನೆಯ ಮೇನ್ ಸ್ವಿಚ್ ಆರಿಸಿದರೂ ಯುಪಿಎಸ್‌ಗೆ ಜೋಡಿಸಿದ ದೀಪ ಉರಿಯುತ್ತಲೇ ಇರುತ್ತದಲ್ಲ, ಹಾಗೆ. ಸೆಟುಕ್ಸಿಮ್ಯಾಬ್ ಮೇಲಿನ ಸ್ವಿಚ್ ಆರಿಸುತ್ತದೆ, ಉರಿಯುತ್ತಿರುವುದು ಕೆಳಗಿನ ದಾರಿಯಿಂದ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 40% ಗಡ್ಡೆಗಳಲ್ಲಿ ರಾಸ್‌ನ ಒಂದು ಬಗೆಯಾದ ಕೆ-ರಾಸ್‌ನಲ್ಲಿ ಮ್ಯುಟೇಶನ್ (ಜೀನ್‌ನ ಬದಲಾವಣೆ) ಇರುತ್ತದೆ, ಇನ್ನೊಂದು ಬಗೆ ಎನ್-ರಾಸ್ ಸೇರಿಸಿದರೆ ಹತ್ತಿರ ಹತ್ತಿರ ಅರ್ಧ. ಮೇದೋಜೀರಕ ಗ್ರಂಥಿಯ ನಾಳದ ಕ್ಯಾನ್ಸರ್‌ನಲ್ಲಿ ಇದು ಸುಮಾರು 90%.

2004ರಲ್ಲಿ ಅಮೆರಿಕದಲ್ಲಿ ಸೆಟುಕ್ಸಿಮ್ಯಾಬ್‌ಗೆ ಒಪ್ಪಿಗೆ ಸಿಕ್ಕಾಗ ಇಜಿಎಫ್‌ಆರ್ ಐಎಚ್‌ಸಿ (ಪ್ರೋಟೀನಿಗೆ ಕಲೆ, ಅಂದರೆ ಬಣ್ಣ, ಹತ್ತಿಸಿ ನೋಡುವ ಪರೀಕ್ಷೆ) ಪಾಸಿಟಿವ್ ಇರಬೇಕೆಂಬ ಷರತ್ತು ಇತ್ತು. ಕಲೆ ಗಾಢವಾದಷ್ಟೂ ಔಷಧಿಯ ಫಲ ಹೆಚ್ಚಲಿಲ್ಲ, ಕಲೆಯೇ ಹತ್ತದ ಗಡ್ಡೆಗಳೂ ಕುಗ್ಗಿದವು. 2008ರಲ್ಲಿ ಕೆ-ರಾಸ್ ಜೀನ್‌ನ ಎಕ್ಸಾನ್ 2ರ (ಎಕ್ಸಾನ್ ಎಂದರೆ ಪ್ರೋಟೀನಿನ ಸೂತ್ರವಿರುವ ತುಣುಕು) ಮ್ಯುಟೇಶನ್ ಇದ್ದವರಿಗೆ ಲಾಭವಿಲ್ಲ ಎಂದು ಖಚಿತವಾಯಿತು. 2013ರಲ್ಲಿ ಕೆ-ರಾಸ್ ಮತ್ತು ಎನ್-ರಾಸ್ ಎರಡರದೂ 2, 3, 4ನೇ ಎಕ್ಸಾನ್ ನೋಡಲೇಬೇಕು ಎಂದಾಯಿತು. ಆಗ ಹೊರಬಿದ್ದ ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು. ರಾಸ್ ಮ್ಯುಟೇಶನ್ ಇದ್ದವರಿಗೆ ಆಕ್ಸಾಲಿಪ್ಲಾಟಿನ್ ಕೀಮೋ ಜೊತೆ ಪ್ಯಾನಿಟುಮುಮ್ಯಾಬ್ (ಸೆಟುಕ್ಸಿಮ್ಯಾಬ್‌ನಂಥದೇ ಇನ್ನೊಂದು ಆಂಟಿಬಾಡಿ) ಕೊಟ್ಟಾಗ ಬರೀ ಕೀಮೋ ಕೊಟ್ಟವರಿಗಿಂತ ಫಲಿತಾಂಶ ಕೆಟ್ಟದಾಗಿತ್ತು. "ಕೊಟ್ಟು ನೋಡೋಣ, ನಷ್ಟವೇನು" ಅನ್ನುವ ಮಾತು ಇಲ್ಲಿ ಸಲ್ಲದು.

ಅನ್ನನಾಳ_ಓದು

ಇದಕ್ಕೆ ಸೇರಿಸಬೇಕಾದ ಉದಾಹರಣೆ ಅನ್ನನಾಳದ್ದು. ನಮ್ಮ ಕಡೆ ತಂಬಾಕು, ಎಲೆ-ಅಡಿಕೆಯ ಜೊತೆ ತಳುಕು ಹಾಕಿಕೊಂಡು ಬರುವ ಸ್ಕ್ವೇಮಸ್ (ಚಪ್ಪಟೆ ಕೋಶದ) ಕ್ಯಾನ್ಸರ್‌ನಲ್ಲಿ ಇಜಿಎಫ್‌ಆರ್ ಧಾರಾಳವಾಗಿ ಕಾಣುತ್ತದೆ, ರಾಸ್ ಮ್ಯುಟೇಶನ್ ಅಪರೂಪ. ಸರಪಳಿಯ ಲೆಕ್ಕದಲ್ಲಿ ಸೆಟುಕ್ಸಿಮ್ಯಾಬ್ ಕೆಲಸ ಮಾಡಬೇಕಿತ್ತು. ಬ್ರಿಟನ್ನಿನ ಸ್ಕೋಪ್-1 ಪ್ರಯೋಗದಲ್ಲಿ ಕೀಮೋ-ರೇಡಿಯೇಶನ್ ಜೊತೆ ಅದನ್ನು ಸೇರಿಸಿದಾಗ ಬದುಕುಳಿಯುವ ಅವಧಿ ಕಡಿಮೆಯೇ ಆಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಅದು. ಪ್ರೋಟೀನ್ ಇರುವುದು ಬೇರೆ, ಗಡ್ಡೆ ಅದನ್ನೇ ನೆಚ್ಚಿಕೊಂಡಿರುವುದು ಬೇರೆ.

ಬ್ಲಾಕ್_ಸ್ಲೈಡ್

ಪ್ರಯೋಗಾಲಯದ ಕಡೆಯಿಂದ ಬರೆಯುತ್ತೇನೆ. ಎಷ್ಟು ದುಬಾರಿ ಯಂತ್ರವಿದ್ದರೂ ಫಾರ್ಮಲಿನ್ ಡಬ್ಬಿಯಲ್ಲಿ ಕೆಟ್ಟದ್ದನ್ನು ಅದು ಸರಿ ಮಾಡಲಾರದು.

ಬೇಕಿರುವುದು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ನಲ್ಲಿ ನೀರಿಗೆ ಫಾರ್ಮಲಿನ್ ಬೆರೆಸಿ ತಿಂಗಳುಗಟ್ಟಲೆ ಇಟ್ಟರೆ ಅದರಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿ ಡಿಎನ್‌ಎ ಚೂರುಚೂರಾಗುತ್ತದೆ. ದ್ರವ ಅಂಗಾಂಶದ 10 ಪಟ್ಟು ಇರಬೇಕು. ಇಡೀ ಕರುಳಿನ ತುಂಡನ್ನು ಚಿಕ್ಕ ಡಬ್ಬಿಗೆ ಒತ್ತಿ ತುಂಬಿಸುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಫಾರ್ಮಲಿನ್ ಗಂಟೆಗೆ ಸುಮಾರು 1 ಮಿ.ಮೀ. ಒಳಗಿಳಿಯುತ್ತದೆ, ಅದಕ್ಕೇ ಕರುಳನ್ನು ಉದ್ದಕ್ಕೆ ಸೀಳಿ, ಮಲ ತೊಳೆದು, ಗಡ್ಡೆಯನ್ನು ಹೋಳು ಮಾಡಿ ಹಾಕಬೇಕು. ಕತ್ತರಿಸಿ ತೆಗೆದ 1 ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, ಒಳಗೆ 6ರಿಂದ 72 ಗಂಟೆ ಇರಬೇಕು. ಶನಿವಾರ ಸಂಜೆಯ ಆಪರೇಷನ್, ಮಧ್ಯೆ ಹಬ್ಬದ ರಜೆ ಬಂದರೆ 72 ಗಂಟೆ ದಾಟಿಹೋಗುತ್ತದೆ. ಆ ಸಮಯಗಳನ್ನು ಡಬ್ಬಿಯ ಚೀಟಿಯ ಮೇಲೆ ಬರೆಯುವ ಅಭ್ಯಾಸ ಇರಲಿ.

ಮೂಳೆಗೆ ಹರಡಿದ್ದರೆ ಆಮ್ಲ ಹಾಕಿ ಸುಣ್ಣ ಕರಗಿಸಿದ ಬ್ಲಾಕ್‌ನಿಂದ ಡಿಎನ್‌ಎ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆಮ್ಲದ ಬದಲು ಇಡಿಟಿಎ ಎಂಬ ಮೃದು ರಾಸಾಯನಿಕ ಬಳಸಿ, ಇಲ್ಲವಾದರೆ ಬೇರೆ ಜಾಗದ ಬಯಾಪ್ಸಿ ಹುಡುಕಿ.

ಮುಂದಿನದು ಗಡ್ಡೆಯ ಪಾಲು. ತುಣುಕಿನಲ್ಲಿ 20% ಮಾತ್ರ ಕ್ಯಾನ್ಸರ್ ಕೋಶಗಳಿವೆ ಅನ್ನಿ. ಮ್ಯುಟೇಶನ್ ಪ್ರತಿ ಕೋಶದ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇದ್ದರೆ ಒಟ್ಟು ಡಿಎನ್‌ಎಯಲ್ಲಿ ಅದರ ಪಾಲು 10%. ಡಿಎನ್‌ಎ ಓದುವ ಹಳೆಯ ಸ್ಯಾಂಗರ್ ವಿಧಾನಕ್ಕೆ ಸುಮಾರು 20% ಬೇಕು, ಅದು "ಇಲ್ಲ" ಅಂದುಬಿಡುತ್ತದೆ. ಎನ್‌ಜಿಎಸ್ ಎಂಬ ಹೊಸ ವಿಧಾನ 5% ತನಕ ನಂಬಿಕೆಯಿಂದ ಹಿಡಿಯುತ್ತದೆ. ಹೀಗಾಗಿ ಮೊದಲು ಎಚ್ ಅಂಡ್ ಇ (ಸಾಮಾನ್ಯ ಬಣ್ಣ ಹಾಕಿದ) ಸ್ಲೈಡ್ ನೋಡಿ, ಗಡ್ಡೆ ದಟ್ಟವಾಗಿರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಕಲೆ ಹಾಕದ ಸ್ಲೈಡ್‌ಗಳಿಂದ ಆ ಭಾಗವನ್ನಷ್ಟೇ ಕೆರೆದು ತೆಗೆಯಬೇಕು. ಲೋಳೆ ತುಂಬಿದ ಮ್ಯುಸಿನಸ್ ಗಡ್ಡೆ ಕಣ್ಣಿಗೆ ದೊಡ್ಡದು, ಕೋಶಗಳು ಮಾತ್ರ ಬೆರಳೆಣಿಕೆ. ಗುದನಾಳಕ್ಕೆ ರೇಡಿಯೇಶನ್ ಆದ ಮೇಲೆ ತೆಗೆದ ತುಂಡಿನದೂ ಅದೇ ಪಾಡು, ಅಲ್ಲಿ ಚಿಕಿತ್ಸೆಗೆ ಮೊದಲಿನ ಬಯಾಪ್ಸಿಯೇ ಒಳ್ಳೆಯದು.

ಸುಳ್ಳು ಪಾಸಿಟಿವ್ ಬಗ್ಗೆಯೂ ಒಂದು ಮಾತು. ಹಳೆಯ ಬ್ಲಾಕ್‌ನಲ್ಲಿ ಸೈಟೋಸಿನ್ ತಾನಾಗಿ ಯುರಾಸಿಲ್ ಆಗುತ್ತದೆ, ಯಂತ್ರ ಅದನ್ನು ಸಿ ಬದಲು ಟಿ ಎಂದು ಓದುತ್ತದೆ. ಎದುರಿನ ಎಳೆಯಲ್ಲಿ ಅದೇ ಜಿ ಬದಲು ಎ. ಕೆ-ರಾಸ್‌ನ ಜಿ12ಡಿ ಮತ್ತು ಜಿ13ಡಿ (12ನೇ, 13ನೇ ಸ್ಥಾನದ ಗ್ಲೈಸಿನ್ ಆಸ್ಪಾರ್ಟಿಕ್ ಆಮ್ಲವಾಗುವುದು) ಎರಡೂ ಡಿಎನ್‌ಎಯಲ್ಲಿ ಜಿಯಿಂದ ಎಗೆ ಆಗುವ ಬದಲಾವಣೆಗಳೇ! ಕಡಿಮೆ ಪ್ರಮಾಣದಲ್ಲಿ, ಅಂದರೆ 2-4% ಮಟ್ಟದಲ್ಲಿ, ಇವು ಕಂಡರೆ ಯುರಾಸಿಲ್ ತೆಗೆದುಹಾಕುವ ಯುಎನ್‌ಜಿ ಎಂಜೈಮ್ ಹಾಕಿ ಹೊಸದಾಗಿ ತೆಗೆದ ಡಿಎನ್‌ಎಯಲ್ಲಿ ಮತ್ತೊಮ್ಮೆ ನೋಡದೆ ವರದಿ ಕೊಡಬಾರದು.

ಸಿಎಫ್‌ಡಿಎನ್‌ಎ

ಇಷ್ಟೆಲ್ಲ ಕಷ್ಟ ಏಕೆ? ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯಿಂದಲೇ ಮಾಡಬಹುದಲ್ಲ. ರಕ್ತಕಣ ಒಡೆಯದಂತೆ ಕಾಪಾಡುವ ಸ್ಟ್ರೆಕ್ ಟ್ಯೂಬ್‌ನಲ್ಲಿ 10 ಮಿ.ಲೀ. ತೆಗೆದರೆ ಕೋಣೆಯ ಉಷ್ಣತೆಯಲ್ಲೇ ಕೊರಿಯರ್ ಮಾಡಬಹುದು. ಸಾದಾ ಇಡಿಟಿಎ ಟ್ಯೂಬ್ ಆದರೆ ಕೆಲವೇ ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣ ಒಡೆದು ಅದರ ಡಿಎನ್‌ಎ ಸೇರಿ ಗಡ್ಡೆಯ ಪಾಲು ತೆಳುವಾಗುತ್ತದೆ. ಎರಡು ಸಲ ಸೆಂಟ್ರಿಫ್ಯೂಜ್: ಮೊದಲು 1,600 ಜಿ (ಗುರುತ್ವದ ಅಷ್ಟು ಪಟ್ಟು), ಆಮೇಲೆ ಪ್ಲಾಸ್ಮಾವನ್ನು ಮಾತ್ರ 16,000 ಜಿ. ಫ್ರಿಜ್‌ನಲ್ಲಿ ಸ್ಟ್ರೆಕ್ ಟ್ಯೂಬ್ ಇಡಬಾರದು.

ಬ್ಲಾಕ್_ಸ್ಲೈಡ್

ಪಾಸಿಟಿವ್ ಬಂದರೆ ಒಪ್ಪುತ್ತೇನೆ. ನೆಗೆಟಿವ್ ಬಂದಾಗ ಒಪ್ಪುವುದು ಕಷ್ಟ. ಯಕೃತ್ತಿಗೆ ಹರಡಿದ ಗಡ್ಡೆ ರಕ್ತಕ್ಕೆ ಡಿಎನ್‌ಎಯನ್ನು ಧಾರಾಳವಾಗಿ ಬಿಡುತ್ತದೆ. ಹೊಟ್ಟೆಯ ಪದರದಲ್ಲೋ ಶ್ವಾಸಕೋಶದಲ್ಲೋ ಮಾತ್ರ ಇದ್ದರೆ ಬಹಳ ಕಡಿಮೆ. ಆ ಮಾದರಿಯಲ್ಲಿ ಎಪಿಸಿಯೋ ಟಿಪಿ53ಯೋ, ಗಡ್ಡೆಯದೇ ಎನ್ನಬಹುದಾದ ಯಾವುದಾದರೂ ಒಂದು ಮ್ಯುಟೇಶನ್ ಕಾಣಿಸಿದ್ದರೆ "ಗಡ್ಡೆಯ ಡಿಎನ್‌ಎ ಇದೆ, ಅದರಲ್ಲಿ ರಾಸ್ ಮ್ಯುಟೇಶನ್ ಇಲ್ಲ" ಎನ್ನಬಹುದು. ಏನೂ ಕಾಣದಿದ್ದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ ಎಂದರ್ಥ.

ಸಿಎಫ್‌ಡಿಎನ್‌ಎ

ಸರಿ, ಆ ಷರತ್ತು ಸೇರಿಸಲೇಬೇಕು. ಆದರೂ ಒಂದು ಸಂದರ್ಭದಲ್ಲಿ ರಕ್ತವೇ ಮೇಲು: ಸೆಟುಕ್ಸಿಮ್ಯಾಬ್ ಕೆಲಸ ಮಾಡಿ ಆಮೇಲೆ ಸೋತಾಗ. ಔಷಧಿಯ ಒತ್ತಡದಲ್ಲಿ ಬೇರೆ ಬೇರೆ ಗಂಟುಗಳಲ್ಲಿ ಬೇರೆ ಬೇರೆ ರಾಸ್ ಮ್ಯುಟೇಶನ್, ಇಜಿಎಫ್‌ಆರ್‌ನ ಹೊರಭಾಗದ ಮ್ಯುಟೇಶನ್ ಎಲ್ಲ ತಲೆ ಎತ್ತುತ್ತವೆ. ಒಂದು ಸೂಜಿ ಬಯಾಪ್ಸಿ ಒಂದು ಗಂಟಿನ ಕಥೆ ಹೇಳುತ್ತದೆ, ರಕ್ತ ಎಲ್ಲದರದ್ದನ್ನೂ ಒಟ್ಟಿಗೆ ಹೇಳುತ್ತದೆ. ಔಷಧಿ ನಿಲ್ಲಿಸಿದ ಮೇಲೆ ಆ ಮ್ಯುಟೇಶನ್‌ಗಳ ಪಾಲು ತಿಂಗಳುಗಳಲ್ಲಿ ಇಳಿಯುತ್ತದೆ. ಮತ್ತೆ ಅದೇ ಔಷಧಿ ಕೊಡುವ ಯೋಚನೆ ಇದ್ದರೆ ಆಗ ಒಮ್ಮೆ ರಕ್ತ ನೋಡುವುದು ಅರ್ಥಪೂರ್ಣ.

ವಾರ್ಡ್_ನೋಟ

ರಾಸ್ ಸರಿಯಿದ್ದರೂ ಮುಗಿಯುವುದಿಲ್ಲ. ಗಡ್ಡೆ ಎಡಭಾಗದಲ್ಲಿ ಇರಬೇಕು, ಅಂದರೆ ಸ್ಪ್ಲೀನ್ ಹತ್ತಿರದ ತಿರುವಿನಿಂದ ಗುದನಾಳದವರೆಗೆ. ಬಲಭಾಗದ ಗಡ್ಡೆಗೆ ಮೊದಲ ಸಾಲಿನಲ್ಲಿ ಈ ಆಂಟಿಬಾಡಿಗಳಿಂದ ಲಾಭ ಕಾಣುವುದಿಲ್ಲ. ಜಪಾನಿನ ಪ್ಯಾರಾಡೈಮ್ ಪ್ರಯೋಗದಲ್ಲಿ ಎಡಭಾಗದವರು ಬದುಕುಳಿದ ಅವಧಿಯ ಮೀಡಿಯನ್ (ನಡುವಿನ ಬೆಲೆ) ಕೀಮೋಗೆ ಪ್ಯಾನಿಟುಮುಮ್ಯಾಬ್ ಸೇರಿಸಿದಾಗ 37.9 ತಿಂಗಳು, ಬೆವಾಸಿಜುಮ್ಯಾಬ್ (ಗಡ್ಡೆಯ ಹೊಸ ರಕ್ತನಾಳ ತಡೆಯುವ ಆಂಟಿಬಾಡಿ) ಸೇರಿಸಿದಾಗ 34.3 ತಿಂಗಳು.

ಎಂಎಂಆರ್ (ಡಿಎನ್‌ಎಯ ತಪ್ಪು ತಿದ್ದುವ) ಪ್ರೋಟೀನ್‌ಗಳ ಐಎಚ್‌ಸಿ ಇನ್ನೂ ಆಗಿಲ್ಲ ಎಂದರೆ ಅದೂ ಮೊದಲೇ ಬೇಕು. ಅವುಗಳಲ್ಲಿ ಒಂದು ಕಾಣೆಯಾಗಿದ್ದರೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿಯ ದಾರಿಯೇ ಬೇರೆ.

ಕೊಡುವವರು ಮರೆಯಬಾರದ ಎರಡು ಸಂಗತಿ. ಒಂದು, ಮುಖ-ಎದೆಯ ಮೇಲೆ ಮೊಡವೆಯಂಥ ಗುಳ್ಳೆ. ಅದು ಬರುವ ತನಕ ಕಾಯಬೇಡಿ. ಚಿಕಿತ್ಸೆಯ ಹಿಂದಿನ ದಿನದಿಂದಲೇ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ, 1% ಹೈಡ್ರೊಕಾರ್ಟಿಸೋನ್ ಮುಲಾಮು, ತೇವ ಉಳಿಸುವ ಕ್ರೀಮ್, ಸನ್‌ಸ್ಕ್ರೀನ್ ಶುರು ಮಾಡಿ 6 ವಾರ ಮುಂದುವರಿಸಿದರೆ ತೀವ್ರತೆ ಅರ್ಧದಷ್ಟು ಇಳಿಯುತ್ತದೆ. ಮೊಡವೆಯ ಬೆನ್ಜಾಯಿಲ್ ಪೆರಾಕ್ಸೈಡ್ ಹಚ್ಚಬಾರದು, ಚರ್ಮ ಇನ್ನಷ್ಟು ಒಣಗಿ ಬಿರಿಯುತ್ತದೆ.

ಎರಡು, ಮೆಗ್ನೀಸಿಯಂ. ಮೂತ್ರಪಿಂಡದ ನಾಳದಲ್ಲಿ ಮೆಗ್ನೀಸಿಯಂ ವಾಪಸ್ ಎಳೆದುಕೊಳ್ಳುವ ಟಿಆರ್‌ಪಿಎಂ6 ಬಾಗಿಲು ತೆರೆಯುವುದೂ ಇಜಿಎಫ್‌ಆರ್ ಸಂಕೇತದಿಂದಲೇ. ಅದನ್ನು ಮುಚ್ಚಿದಾಗ ಮೆಗ್ನೀಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ, ಹಿಂದೆಯೇ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇಳಿಯುತ್ತವೆ. ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಏರದಿದ್ದರೆ ಮೆಗ್ನೀಸಿಯಂ ನೋಡಿ. ಮಾತ್ರೆಯಿಂದ ಭೇದಿ ಆಗುತ್ತದೆ, ತೀರಾ ಇಳಿದಾಗ ಡ್ರಿಪ್ ಬೇಕು. ಔಷಧಿ ನಿಂತ ಮೇಲೂ 8 ವಾರ ನೋಡುತ್ತಿರಬೇಕು.

ಪಾಠದಮೇಜು

ಬಹಳ ಉಪಕಾರವಾಯಿತು. ರಾಫ್‌ಗಳಲ್ಲಿ ಒಂದಾದ ಬಿ-ರಾಫ್ ಬಗ್ಗೆ ಒಂದು ಗೊಂದಲ ಇದೆ. ಮೆಲನೋಮಾದಲ್ಲಿ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅದರ ವಿ600ಇ ಮ್ಯುಟೇಶನ್ ಇದ್ದರೆ ಅದನ್ನು ತಡೆಯುವ ವೆಮುರಾಫೆನಿಬ್ ಚೆನ್ನಾಗಿ ಕೆಲಸ ಮಾಡುತ್ತದೆ. ಕರುಳಿನಲ್ಲಿ ಅದೇ ಮ್ಯುಟೇಶನ್, ಅದೇ ಔಷಧಿ, ಫಲ ಮಾತ್ರ 5% ಜನರಲ್ಲಿ. ಹೇಗೆ?

ರಾಸ್_ಗುಂಡಿ

ಇಡೀ ವಿಷಯದಲ್ಲಿ ಇದೇ ಅತ್ಯಂತ ಪಾಠಯೋಗ್ಯ ಭಾಗ ಅನ್ನುವುದು ನನ್ನ ಅಭಿಪ್ರಾಯ. ಎರ್ಕ್ ಜೋರಾಗಿ ಓಡುತ್ತಿರುವಾಗ ಅದೇ ಹಿಂದಕ್ಕೆ ಮೇಲಿನ ಇಜಿಎಫ್‌ಆರ್ ಅನ್ನು ಅದುಮಿ ಹಿಡಿದಿರುತ್ತದೆ. ಬಿ-ರಾಫ್ ಮುಚ್ಚಿದಾಗ ಎರ್ಕ್ ಬೀಳುತ್ತದೆ, ಅದುಮಿದ ಕೈ ಸಡಿಲವಾಗುತ್ತದೆ, ಇಜಿಎಫ್‌ಆರ್ ಎದ್ದು ರಾಸ್ ಮೂಲಕ ಬೇರೆ ರಾಫ್‌ಗಳನ್ನು ಹಿಡಿದು ಮತ್ತೆ ಎರ್ಕ್ ಓಡಿಸುತ್ತದೆ. ಕರುಳಿನ ಒಳಪದರದ ಕೋಶಕ್ಕೆ ಇಜಿಎಫ್‌ಆರ್ ಹುಟ್ಟಿನಿಂದಲೇ ಹೆಚ್ಚು. ಮೆಲನೋಮಾದ ಮೂಲಕೋಶದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಹೀಗಾಗಿ ಅಲ್ಲಿ ಈ ಹಿಂಬಾಗಿಲು ಇಲ್ಲ. 2012ರಲ್ಲಿ ಇದು ಗೊತ್ತಾದ ಮೇಲೆ ಎರಡೂ ಬಾಗಿಲನ್ನು ಒಟ್ಟಿಗೆ ಮುಚ್ಚುವ ಯೋಚನೆ ಬಂತು. ಬಿ-ರಾಫ್ ತಡೆಯುವ ಎನ್ಕೊರಾಫೆನಿಬ್ ದಿನಕ್ಕೆ 300 ಮಿ.ಗ್ರಾಂ ಜೊತೆ ಸೆಟುಕ್ಸಿಮ್ಯಾಬ್ ಕೊಡಲು 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಕೆ-ರಾಸ್ ಜಿ12ಸಿಗೂ ಇದೇ ಕಥೆ. ಕರುಳಿನ ಕ್ಯಾನ್ಸರ್‌ನಲ್ಲಿ ಇದು 3-4% ಮಾತ್ರ. ಅದನ್ನು ತಡೆಯುವ ಸೊಟೊರಾಸಿಬ್ ಒಂದನ್ನೇ ಕೊಟ್ಟರೆ ಸುಮಾರು 10% ಜನರಲ್ಲಿ ಗಡ್ಡೆ ಕುಗ್ಗುತ್ತದೆ, ಪ್ಯಾನಿಟುಮುಮ್ಯಾಬ್ ಸೇರಿಸಿದಾಗ ಹೆಚ್ಚು. ಆದ್ದರಿಂದ ವರದಿಯಲ್ಲಿ ಬರೀ "ಕೆ-ರಾಸ್ ಮ್ಯುಟೇಶನ್ ಇದೆ" ಎಂದು ಬರೆಯುವುದು ಈಗ ಸಾಲದು. 12ನೇ ಸ್ಥಾನದಲ್ಲಿ ಯಾವ ಅಮೈನೋ ಆಮ್ಲ ಬಂದಿದೆ ಎಂದು ಹೆಸರಿಸಬೇಕು.

ಜಠರ_ಐಎಚ್‌ಸಿ

ಜಠರದ ಪ್ರಶ್ನೆಗೆ: ಇಲ್ಲಿ ಪ್ರೋಟೀನ್‌ನ ಪ್ರಮಾಣವೇ ಮುಖ್ಯ, ಆದರೆ ಓದುವ ಕ್ರಮ ಸ್ತನದ್ದಲ್ಲ. ಇಜಿಎಫ್‌ಆರ್‌ನ ಸೋದರ ರಿಸೆಪ್ಟರ್ ಹರ್2ರ ಐಎಚ್‌ಸಿ ಸ್ತನದ ಕ್ಯಾನ್ಸರ್ ಕೋಶವನ್ನು ಸುತ್ತಲೂ ಬಣ್ಣಿಸಿದರೆ, ಜಠರದ ಗ್ರಂಥಿಕೋಶದಲ್ಲಿ ಒಳಗಿನ ಬಾಯಿ ಬಿಟ್ಟು ಬುಡ ಮತ್ತು ಪಕ್ಕದಲ್ಲಿ ಮಾತ್ರ ಬಣ್ಣ ಬರುತ್ತದೆ, ಇಂಗ್ಲಿಷಿನ ಯು ಆಕಾರದಂತೆ. ಸ್ತನದ ನಿಯಮ ಹಾಕಿದರೆ ಬಣ್ಣದ ದರ್ಜೆ 3+ ಇದ್ದದ್ದು 1+ ಆಗಿಬಿಡುತ್ತದೆ. ಆಪರೇಷನ್ ತುಂಡಿನಲ್ಲಿ 10% ಕೋಶಗಳು ಬೇಕು, ಬಯಾಪ್ಸಿಯಲ್ಲಿ 5 ಕೋಶಗಳ ಒಂದು ಗುಂಪು ಸಾಕು. ಕಣ್ಣಳತೆಗೆ ಒಂದು ಒಳ್ಳೆಯ ಉಪಾಯವಿದೆ: ಬಣ್ಣ 5 ಪಟ್ಟಿನ ಮಸೂರದಲ್ಲೇ ಎದ್ದು ಕಂಡರೆ 3+, 10-20 ಪಟ್ಟು ಬೇಕಾದರೆ 2+, 40ಕ್ಕೆ ಹೋಗಿ ಹುಡುಕಬೇಕಾದರೆ 1+. 2+ ಬಂದವಕ್ಕೆಲ್ಲ ಫಿಶ್ ಪರೀಕ್ಷೆ (ಹರ್2 ಜೀನ್‌ನ ಪ್ರತಿಗಳನ್ನು ಎಣಿಸುವುದು).

ಈ ಗಡ್ಡೆ ಒಂದೇ ಸಮನಾಗಿರುವುದಿಲ್ಲ, ಒಂದು ಮೂಲೆ ಪಾಸಿಟಿವ್, ಪಕ್ಕದ್ದು ನೆಗೆಟಿವ್. ಎಂಡೋಸ್ಕೋಪಿಯಲ್ಲಿ ಹುಣ್ಣಿನ ಅಂಚಿನಿಂದ 6-8 ತುಣುಕು ತೆಗೆಯಿರಿ, ನಡುವಿನಿಂದ ತೆಗೆದರೆ ಸತ್ತ ಅಂಗಾಂಶವೇ ಬರುತ್ತದೆ. ಟೋಗಾ ಪ್ರಯೋಗ 2010ರಲ್ಲಿ ಪ್ರಕಟವಾದಂದಿನಿಂದ ಕೀಮೋ ಜೊತೆ ಹರ್2 ತಡೆಯುವ ಟ್ರಾಸ್ಟುಜುಮ್ಯಾಬ್: ಮೊದಲು ಕೆ.ಜಿ.ಗೆ 8 ಮಿ.ಗ್ರಾಂ, ಆಮೇಲೆ 3 ವಾರಕ್ಕೊಮ್ಮೆ 6 ಮಿ.ಗ್ರಾಂ. ಅದು ಸೋತ ಮೇಲೆ ಸುಮಾರು ಮೂರರಲ್ಲಿ ಒಬ್ಬರ ಗಡ್ಡೆಯಲ್ಲಿ ಹರ್2 ಉಳಿದಿರುವುದಿಲ್ಲ. ಟ್ರಾಸ್ಟುಜುಮ್ಯಾಬ್‌ಗೆ ಡೆರುಕ್ಸ್‌ಟೆಕಾನ್ ಎಂಬ ಕೀಮೋ ಜೋಡಿಸಿದ ಔಷಧಿಗೆ ಹೋಗುವ ಮೊದಲು ಸಾಧ್ಯವಾದರೆ ಹೊಸ ಬಯಾಪ್ಸಿ ಮಾಡಿಸಿ.

ಕಿಟ್11

ಜಿಸ್ಟ್ ಬಗ್ಗೆ ನಾನು. ಸಿಡಿ117 ಅಂದರೆ ಕಿಟ್ ಪ್ರೋಟೀನೇ. ಅದು ಪಾಸಿಟಿವ್ ಬಂದರೆ ಜಿಸ್ಟ್ ಎಂಬ ಪತ್ತೆಗೆ ಬಲ ಬರುತ್ತದೆ, ಕಿಟ್ ತಡೆಯುವ ಮಾತ್ರೆ ಇಮ್ಯಾಟಿನಿಬ್ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಪುರಾವೆ ಅಲ್ಲ. ಸೀಕ್ವೆನ್ಸಿಂಗ್ ಬೇಕು. ಕಿಟ್ ಎಕ್ಸಾನ್ 11ರ ಮ್ಯುಟೇಶನ್ ಇದ್ದರೆ ದಿನಕ್ಕೆ 400 ಮಿ.ಗ್ರಾಂ ಚೆನ್ನಾಗಿ ಹಿಡಿಯುತ್ತದೆ. ಎಕ್ಸಾನ್ 9 ಹೆಚ್ಚಾಗಿ ಸಣ್ಣ ಕರುಳಿನದು, ಹರಡಿದ ಹಂತದಲ್ಲಿ 800 ಬೇಕಾಗುತ್ತದೆ, 400ರಂತೆ ಎರಡು ಹೊತ್ತು. ಕಿಟ್‌ನಂಥದೇ ಪಿಡಿಜಿಎಫ್‌ಆರ್‌ಎ ಜೀನ್‌ನ ಡಿ842ವಿ ಮ್ಯುಟೇಶನ್ ಹೆಚ್ಚಾಗಿ ಜಠರದ್ದು, ಅದಕ್ಕೆ ಇಮ್ಯಾಟಿನಿಬ್ ಹತ್ತುವುದೇ ಇಲ್ಲ. ಇಮ್ಯಾಟಿನಿಬ್ ಕೂರುವುದು ಕೈನೇಸ್ ಮಡಚಿಕೊಂಡು ಸುಮ್ಮನಿರುವ ರೂಪದಲ್ಲಿ ಮಾತ್ರ, ಡಿ842ವಿ ಅದನ್ನು ತೆರೆದ ರೂಪದಲ್ಲೇ ಹಿಡಿದಿಡುತ್ತದೆ. ಅದಕ್ಕೆ ಅವಾಪ್ರಿಟಿನಿಬ್ ಬೇರೆ ಇದೆ. ಚಿಕ್ಕ ವಯಸ್ಸಿನವರ ಜಠರದ ಜಿಸ್ಟ್‌ನಲ್ಲಿ ಈ ಯಾವುದೂ ಕಾಣದಿದ್ದರೆ ಎಸ್‌ಡಿಎಚ್‌ಬಿ ಎಂಬ ಪ್ರೋಟೀನಿನ ಐಎಚ್‌ಸಿ ಮಾಡಿ.

2013ರ ಏಪ್ರಿಲ್ 1ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಗ್ಲಿವೆಕ್‌ಗೆ (ಇಮ್ಯಾಟಿನಿಬ್‌ನ ಬ್ರ್ಯಾಂಡ್) ಪೇಟೆಂಟ್ ಸಿಗಲಿಲ್ಲ, ಜೆನೆರಿಕ್ ಇಮ್ಯಾಟಿನಿಬ್ ನಮ್ಮಲ್ಲಿ ಕೈಗೆಟಕುವ ಬೆಲೆಯಲ್ಲಿ ಉಳಿಯಿತು. ಮಾತ್ರೆ ಅಗ್ಗ ಎಂದು ಮ್ಯುಟೇಶನ್ ಪರೀಕ್ಷೆ ಬಿಟ್ಟು ನೇರ ಶುರು ಮಾಡುವುದು ಮಾತ್ರ ಸರಿಯಲ್ಲ, ಡಿ842ವಿ ಇದ್ದವರ ಅಮೂಲ್ಯ ತಿಂಗಳುಗಳು ಹೋಗುತ್ತವೆ. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಲು ಹೇಳಿ, ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಹೆಚ್ಚು.

ಪಾಠದಮೇಜು

ದೊಡ್ಡ ಕರುಳಿನಲ್ಲಿ ಎಪಿಸಿ ಜೀನ್ ಸುಮಾರು 80% ಗಡ್ಡೆಗಳಲ್ಲಿ ಕೆಟ್ಟಿರುತ್ತದಲ್ಲ, ಅದಕ್ಕೇ ಏಕೆ ಔಷಧಿ ಇಲ್ಲ?

ರಾಸ್_ಗುಂಡಿ

ಎಪಿಸಿ, ಆಕ್ಸಿನ್, ಜಿಎಸ್‌ಕೆ3, ಸಿಕೆ1 ಎಂಬ ಪ್ರೋಟೀನ್‌ಗಳು ಸೇರಿ, ಬೆಳವಣಿಗೆಗೆ ಚಾಲನೆ ಕೊಡುವ ಬೀಟಾ-ಕ್ಯಾಟೆನಿನ್ ಅನ್ನು ಹಿಡಿದು ನಾಶಕ್ಕೆ ಕಳಿಸುತ್ತವೆ. ಎಪಿಸಿ ಮೊಟಕಾದರೆ ಬೀಟಾ-ಕ್ಯಾಟೆನಿನ್ ಉಳಿದು ಕೋಶಕೇಂದ್ರಕ್ಕೆ ನುಗ್ಗುತ್ತದೆ. ಇಲ್ಲಿ ಕೆಟ್ಟದ್ದು ಬ್ರೇಕ್. ಇಲ್ಲದ ಪ್ರೋಟೀನನ್ನು ಔಷಧಿಯಿಂದ ಮುಚ್ಚಲಾಗದು. ಕೆಳಗಿನ ಬೀಟಾ-ಕ್ಯಾಟೆನಿನ್ ಹಿಡಿಯೋಣವೆಂದರೆ ಅದರ ಹಿಡಿತದ ಜಾಗ ಉದ್ದವಾದ ಚಪ್ಪಟೆ ಮೈ, ಸಣ್ಣ ಅಣು ಕೂರಲು ಗುಳಿ ಇಲ್ಲ. ಸರಪಳಿಯ ಮೇಲಿನ ವಿಂಟ್ ಸಂಕೇತ ತಡೆದರೆ ಎಪಿಸಿ ಕೆಟ್ಟ ಗಡ್ಡೆಗೆ ಏನೂ ಆಗದು, ಮೂಳೆಗೆ ಮತ್ತು ಕರುಳಿನ ಸಹಜ ಕಾಂಡಕೋಶಗಳಿಗೆ ಪೆಟ್ಟು.

ಪಿಐ3ಕೆ ಕವಲಿನಲ್ಲಿ ಮಾತ್ರ ಹೊಸ ಬೆಳಕಿದೆ. ಉತ್ತರ ಯುರೋಪಿನ ಅಲಾಸ್ಕ ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಪಿಐ3ಕೆಯ ಜೀನ್ ಪಿಐಕೆ3ಸಿಎಯಲ್ಲಿ ಎಕ್ಸಾನ್ 9 ಅಥವಾ 20ರ ಮ್ಯುಟೇಶನ್ ಇದ್ದು ಆಪರೇಷನ್ ಆದವರಿಗೆ ದಿನಕ್ಕೆ 160 ಮಿ.ಗ್ರಾಂ ಆಸ್ಪಿರಿನ್ 3 ವರ್ಷ ಕೊಟ್ಟಾಗ ಮರುಕಳಿಸಿದ್ದು 7.7%, ಕೊಡದವರಲ್ಲಿ 14.1%.

ವಾರ್ಡ್_ನೋಟ

ಆಸ್ಪಿರಿನ್ ಎಂದ ಕೂಡಲೇ ಮೆಡಿಕಲ್ ಶಾಪಿನಿಂದ ತಂದು ನುಂಗುವವರಿದ್ದಾರೆ, ಓದುವವರು ದಯವಿಟ್ಟು ಹಾಗೆ ಮಾಡಬೇಡಿ. ಅದು ಆ ಮ್ಯುಟೇಶನ್ ಇದ್ದವರಿಗೆ, ಆಪರೇಷನ್ ನಂತರ, ಹೊಟ್ಟೆಹುಣ್ಣು ಮತ್ತು ರಕ್ತಸ್ರಾವದ ಇತಿಹಾಸ ನೋಡಿಕೊಂಡ ಮೇಲೆ.

ಪಾಠದಮೇಜು

ಕೊನೆಯದಾಗಿ, ಹರಡಿದ ಕರುಳಿನ ಕ್ಯಾನ್ಸರ್‌ಗೆ ಪರೀಕ್ಷೆಯ ಕೋರಿಕೆ ಚೀಟಿಯಲ್ಲಿ ಏನು ಬರೆಯಬೇಕು ಎಂದು ಯಾರಾದರೂ ಹೇಳಿದರೆ ಅದನ್ನೇ ಪಾಠಕ್ಕೆ ಬಳಸುತ್ತೇನೆ.

ಬ್ಲಾಕ್_ಸ್ಲೈಡ್

ಹೀಗೆ ಬರೆಯಿರಿ: "ಕೆ-ರಾಸ್ ಮತ್ತು ಎನ್-ರಾಸ್ ಎಕ್ಸಾನ್ 2, 3, 4, ಬಿ-ರಾಫ್ ವಿ600ಇ, ಹರ್2, ಎಂಎಂಆರ್ ನಾಲ್ಕೂ ಪ್ರೋಟೀನ್." ಕೆಳಗೆ ಗಡ್ಡೆ ಎಡವೋ ಬಲವೋ, ಬ್ಲಾಕ್ ರೇಡಿಯೇಶನ್‌ಗೆ ಮೊದಲಿನದೋ ನಂತರದ್ದೋ, ಫಾರ್ಮಲಿನ್‌ಗೆ ಹಾಕಿದ ದಿನ ಮತ್ತು ಗಂಟೆ. ವರದಿ ಬಂದಾಗ ಮೊದಲು ಗಡ್ಡೆಯ ಪಾಲು ಎಷ್ಟು ಶೇಕಡಾ ಎಂಬ ಸಾಲು ಹುಡುಕಿ. ಅದು ಇಲ್ಲದೆ ಬರೀ "ಮ್ಯುಟೇಶನ್ ಕಂಡುಬಂದಿಲ್ಲ" ಎಂದಿದ್ದರೆ ಫೋನ್ ಮಾಡಿ ಕೇಳಿ, ಆಮೇಲೆ ಔಷಧಿ ಬರೆಯಿರಿ.

ವಾರ್ಡ್_ನೋಟ

ಮೊದಲ ಕೀಮೋ ಬರೆಯುವ ದಿನವೇ ಆ ಚೀಟಿ ಹೋಗಲಿ. ವರದಿಗೆ ಎರಡು-ಮೂರು ವಾರ ಹಿಡಿಯುತ್ತದೆ. ಕಾಯಲಾಗದ ರೋಗಿಗೆ ಕೀಮೋ ಒಂದನ್ನೇ ಶುರು ಮಾಡಿ, ಆಂಟಿಬಾಡಿಯನ್ನು ವರದಿ ಬಂದ ಮೇಲೆ ಎರಡನೆಯ ಅಥವಾ ಮೂರನೆಯ ಸುತ್ತಿನಿಂದ ಸೇರಿಸಬಹುದು.